ಮೂರನೆಯ ಜಾವದ ಎಚ್ಚರ



ಪರಶಿವನು ಜೀವಿಗೆ ಹಗಲನ್ನು ಕಾಯಕಕ್ಕೆಂದೂ ಇರುಳನ್ನು ವಿಶ್ರಾಂತಿಗೆಂದೂ ಕರುಣಿಸಿದ್ದಾನೆ. ಹಗಲಿನ ಬಾಳಿನಲ್ಲಿ ಅರಸ-ಆಳು, ಸಿರಿವಂತ-ಬಡವ ಎಂಬ ಭೇದಗಳು ಕಾಣುತ್ತವೆ. ನಿದ್ರೆಯಲ್ಲಿ ಅವು ಇಲ್ಲ. ಗಾಢನಿದ್ರೆಯಲ್ಲಿರುವ ಅರಸನಿಗೆ ತಾನು ಅರಸನೆಂಬ ಹಮ್ಮಿಲ್ಲ. ಆಳಿಗೆ ತಾನು ಆಳೆಂಬ ಅಳಲಿಲ್ಲ. ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ಮೂರು ಅವಸ್ಥೆಗಳನ್ನು ನಮ್ಮ ಹಿರಿಯರು ವಿವರಿಸಿದರು. ಮಾಂಡೂಕ್ಯೋಪನಿಷತ್ತಿನ ವಿಚಾರವೆಲ್ಲ ಈ ಅವಸ್ಥೆಗಳನ್ನೂ ಇವುಗಳಾಚೆಯ ತುರೀಯವನ್ನೂ ಕುರಿತದ್ದು. ಜೀವಿಯು ಪ್ರತಿದಿನವೂ ಈ ಮೂರು ಮನೆಗಳಲ್ಲಿ ಸಂಚರಿಸಿ ಮರಳಿ ತನ್ನ ಕಾಯಕಕ್ಕೆ ಬರಬೇಕು. ಈ ಸಂಚಾರ ಎಲ್ಲಿ ಮುರಿಯುವುದೋ ಅಲ್ಲಿ ಮನಸ್ಸಿನ ಆರೋಗ್ಯವೂ ಮುರಿಯತೊಡಗುತ್ತದೆ. ಇಂದಿನ ಚಿಂತನೆಗೆ ನಾವು ಆರಿಸಿಕೊಂಡಿರುವ ವಿಷಯ ಇದೇ.

ಮಠಕ್ಕೆ ಬರುವ ಭಕ್ತರು ನೂರು ಬಗೆಯ ಕಷ್ಟಗಳನ್ನು ಹೇಳಿಕೊಳ್ಳುತ್ತಾರೆ. ಮಗಳ ಮದುವೆ, ಮಗನ ನೌಕರಿ, ಹೊಲದ ಸಾಲ, ಅಣ್ಣತಮ್ಮಂದಿರ ಪಾಲಿನ ಜಗಳ. ಎಲ್ಲ ಹೇಳಿ ಮುಗಿಸಿ, ಎದ್ದು ಹೋಗುವಾಗ, ಬಾಗಿಲ ಬಳಿ ನಿಂತು, ‘ಅಂದಂಗ ಅಜ್ಜಾರ, ರಾತ್ರಿ ನಿದ್ದಿ ಬರವಲ್ದರಿ’ ಎಂದು ಕೊನೆಗೆ ಒಂದು ಮಾತು ಸೇರಿಸುತ್ತಾರೆ. ಅವರ ಪಾಲಿಗೆ ಅದು ಸಣ್ಣ ಮಾತು. ಆದರೆ ಬಾಗಿಲ ಬಳಿಯ ಆ ಮಾತನ್ನೇ ಮೊದಲು ಕೇಳಿಸಿಕೊಳ್ಳಬೇಕೆಂದು ನಮಗೆ ಈಚಿನ ವರ್ಷಗಳಲ್ಲಿ ಮನದಟ್ಟಾಗಿದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಹಾಗಾದರೆ ಸಂತೆಯ ಗದ್ದಲವಿಲ್ಲದ ಮನೆಯಲ್ಲಿ, ಮೆತ್ತನೆಯ ಹಾಸಿಗೆಯ ಮೇಲೆ ನಿದ್ದೆ ಬಾರದವನ ಒಳಗೆ ಎಂತಹ ಸಂತೆ ನೆರೆದಿರಬೇಕು ಎಂಬುದನ್ನೂ ಅದೇ ಗಾದೆ ಕೇಳುತ್ತದೆ.

ಎರಡು ಬಗೆಯ ಎಚ್ಚರ

ಬೇಗ ಏಳುವುದು ನಮ್ಮಲ್ಲಿ ಸದಾಚಾರದ ಲಕ್ಷಣ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ಶುಚಿಯಾಗಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿ ಇಟ್ಟು ಪೂಜಿಸುವ ಹಿರಿಯರು ಹಳ್ಳಿಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಇದರಿಂದಾಗಿಯೇ ಒಂದು ತಪ್ಪು ತಿಳಿವಳಿಕೆಯೂ ಬೆಳೆದಿದೆ. ಮನೆಯ ಯಜಮಾನ ನಡುರಾತ್ರಿ ಕಳೆದೊಡನೆ ಎದ್ದು ಕುಳಿತರೆ, ‘ವಯಸ್ಸಾಯಿತು, ದೇವರ ಕಡೆಗೆ ಮನಸ್ಸು ತಿರುಗಿದೆ’ ಎಂದು ಮನೆಯವರು ಸಂತೋಷಪಡುತ್ತಾರೆ. ಎಲ್ಲ ಎಚ್ಚರವೂ ಭಕ್ತಿಯ ಎಚ್ಚರವಲ್ಲ ಎಂಬುದನ್ನು ಇಲ್ಲಿ ಅರಿಯಬೇಕು.

ರಾತ್ರಿಗೆ ನಾಲ್ಕು ಜಾವ. ಬ್ರಾಹ್ಮೀ ಮುಹೂರ್ತವು ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗಿ 48 ನಿಮಿಷ ಮೊದಲು ಮುಗಿಯುತ್ತದೆ. ಆರು ಗಂಟೆಗೆ ಸೂರ್ಯ ಹುಟ್ಟುವ ದಿನ ಅದು 4 ಗಂಟೆ 24 ನಿಮಿಷದಿಂದ 5 ಗಂಟೆ 12 ನಿಮಿಷದವರೆಗೆ. ಅಂದರೆ ಅದು ನಾಲ್ಕನೆಯ ಜಾವಕ್ಕೆ ಸೇರಿದ್ದು. ನಮ್ಮ ಹಿರಿಯರು ದೀಪ ಆರಿಸಿ ಒಂಬತ್ತಕ್ಕೆ ಮಲಗುತ್ತಿದ್ದರು. ನಾಲ್ಕೂವರೆಗೆ ಏಳುವಾಗ ಅವರಿಗೆ ಏಳು ತಾಸಿಗೂ ಮಿಗಿಲಾದ ನಿದ್ರೆ ಆಗಿರುತ್ತಿತ್ತು. ಏಳುವಾಗ ಮೈ ಹಗುರ, ಮನಸ್ಸು ತಿಳಿ. ಇದು ಒಂದು ಎಚ್ಚರ.

ಇನ್ನೊಂದು ಎಚ್ಚರ ಮೂರನೆಯ ಜಾವದ್ದು. ರಾತ್ರಿ ಒಂದೂವರೆಗೋ ಎರಡೂವರೆಗೋ ಯಾರೋ ಬಡಿದು ಎಬ್ಬಿಸಿದಂತೆ ಕಣ್ಣು ತೆರೆಯುತ್ತದೆ. ಮತ್ತೆ ರೆಪ್ಪೆ ಕೂಡುವುದಿಲ್ಲ. ಎದೆಯ ಮೇಲೆ ಕಲ್ಲು ಇಟ್ಟ ಹಾಗೆ. ಹಳೆಯ ತಪ್ಪುಗಳು, ಸತ್ತವರ ಮುಖಗಳು, ತೀರದ ಬಡ್ಡಿಯ ಲೆಕ್ಕ ಸಾಲುಗಟ್ಟಿ ಬರುತ್ತವೆ. ಬೆಳಗಾದ ಮೇಲೂ ಏಳಲು ಮನಸ್ಸಿಲ್ಲ; ಊಟದಲ್ಲಿ ರುಚಿಯಿಲ್ಲ; ಸಂಜೆಯ ಹೊತ್ತಿಗೆ ಸ್ವಲ್ಪ ಹಗುರ, ಮರುದಿನ ನಸುಕಿಗೆ ಮತ್ತೆ ಅದೇ ಭಾರ. ವೈದ್ಯರು ಇದನ್ನು ಖಿನ್ನತೆ ಎಂಬ ರೋಗದ ಪ್ರಮುಖ ಲಕ್ಷಣಗಳಲ್ಲಿ ಒಂದೆಂದು ಗುರುತಿಸುತ್ತಾರೆ. ಶಿವರಾತ್ರಿಯ ಜಾಗರಣೆಯಲ್ಲಿ ನಾವು ನಿದ್ರೆಯನ್ನು ಬಿಡುತ್ತೇವೆ. ಈ ರೋಗದಲ್ಲಿ ನಿದ್ರೆ ನಮ್ಮನ್ನು ಬಿಡುತ್ತದೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಕೆಲವು ವರ್ಷಗಳ ಹಿಂದೆ, ಅರವತ್ತೆಂಟು ದಾಟಿದ ಒಬ್ಬ ರೈತ ಭಕ್ತರು ಹೆಂಡತಿ ಮತ್ತು ಮಗನೊಡನೆ ಮಠಕ್ಕೆ ಬಂದರು. ಮಗನು ಅಭಿಮಾನದಿಂದಲೇ ಹೇಳಿದ: ‘ಅಪ್ಪ ಎರಡು ತಿಂಗಳಿಂದ ರಾತ್ರಿ ಎರಡಕ್ಕ ಎದ್ದು ಲಿಂಗಪೂಜಿಗೆ ಕೂಡತಾನ್ರಿ. ಅವಂಗ ಜಂಗಮ ದೀಕ್ಷಾನ ಕೊಟ್ಟಬಿಡ್ರಿ.’ ಹಿರಿಯರು ಮಾತಾಡಲಿಲ್ಲ. ಅಂಗಿ ಹೆಗಲಿನಿಂದ ಜಾರುವಷ್ಟು ಮೈ ಇಳಿದಿತ್ತು. ಉಳಿದವರನ್ನು ಪ್ರಸಾದಕ್ಕೆ ಕಳುಹಿಸಿ ನಾವು ಅವರೊಬ್ಬರನ್ನೇ ಕೂರಿಸಿಕೊಂಡೆವು. ‘ಪೂಜೆಯಲ್ಲಿ ಮನಸ್ಸು ನಿಲ್ಲುತ್ತದೆಯೇ?’ ಎಂದೆವು. ‘ಪೂಜಿ ಎಲ್ಲೀದ್ರಿ ಅಜ್ಜಾರ. ಹಾಸಿಗ್ಯಾಗ ಇರಾಕ ಆಗೂದಿಲ್ಲ ಅಂತ ಎದ್ದು ಕೂಡತೀನ್ರಿ. ಲಿಂಗ ಕೈಯಾಗ ಇರತೈತಿ, ನಾ ಎಲ್ಲೋ ಇರತೀನಿ’ ಎಂದರು. ಜೀವ ಬೇಸರವಾಗಿ ಅದನ್ನು ಕಳೆದುಕೊಳ್ಳುವ ವಿಚಾರ ಬಂದಿದೆಯೇ ಎಂದು ನೇರವಾಗಿ ಕೇಳಿದೆವು. ಬಹಳ ಹೊತ್ತಿನ ಮೇಲೆ ‘ಹೌದ್ರಿ’ ಎಂದರು. ಆ ಮಾತನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

ಆ ದಿನ ನಾವು ದೀಕ್ಷೆಯ ಮಾತನ್ನು ಪಕ್ಕಕ್ಕಿಟ್ಟು, ವಿಭೂತಿ ಹಚ್ಚಿ, ಮಗನನ್ನು ಕರೆದು ನಿಜ ಸ್ಥಿತಿ ತಿಳಿಸಿ, ಅಂದೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದೊಯ್ಯುವಂತೆ ಅಪ್ಪಣೆ ಮಾಡಿದೆವು. ಒಬ್ಬರನ್ನೇ ಬಿಡಬಾರದು, ಹೊಲಕ್ಕೆ ಹೊಡೆಯುವ ಔಷಧಿಯನ್ನು ಬೀಗದಲ್ಲಿಟ್ಟು ಕೀಲಿಯನ್ನು ಬೇರೊಬ್ಬರ ಕೈಗೆ ಕೊಡಬೇಕು ಎಂದೂ ಹೇಳಿದೆವು. ಗುಣವಾಗಲು ತಿಂಗಳುಗಳೇ ಹಿಡಿದವು. ಈಗ ಆ ಹಿರಿಯರು ಒಂಬತ್ತೂವರೆಗೆ ಮಲಗಿ ಐದಕ್ಕೆ ಏಳುತ್ತಾರೆ. ಪೂಜೆ ಮೊದಲಿಗಿಂತ ಚಿಕ್ಕದಾಗಿದೆ. ಆದರೆ ಪೂಜೆಯಲ್ಲಿ ಅವರು ಇರುತ್ತಾರೆ.

ಇಲ್ಲೊಂದು ಮಾತು. ಸಾವಿನ ವಿಚಾರವನ್ನು ನಾವಾಗಿ ಕೇಳಿದರೆ ಇಲ್ಲದ ವಿಚಾರ ಹುಟ್ಟೀತು ಎಂದು ಜನ ಅಂಜುತ್ತಾರೆ. ಹಾಗಾಗುವುದಿಲ್ಲವೆಂದು ಮನೋವೈದ್ಯರು ಖಚಿತವಾಗಿ ಹೇಳುತ್ತಾರೆ. ಪ್ರೀತಿಯಿಂದ ಕೇಳಿದರೆ ಹೊತ್ತವನ ಭಾರ ಇಳಿಯುತ್ತದೆ.

ಎರಡು ಕಡೆಯಿಂದಲೂ ತೆರೆಯುವ ಬಾಗಿಲು

ಮನಸ್ಸು ಕೆಟ್ಟರೆ ನಿದ್ರೆ ಕೆಡುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ನಿದ್ರೆ ಕೆಟ್ಟರೆ ಮನಸ್ಸು ಕೆಡುತ್ತದೆಂಬುದನ್ನು ಬಲ್ಲವರು ಕಡಿಮೆ. 2011ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು, ಬಹುಕಾಲ ಜನರನ್ನು ಗಮನಿಸಿ ನಡೆಸಿದ 21 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಖಿನ್ನತೆಯಿಲ್ಲದಿದ್ದರೂ ನಿದ್ರಾಹೀನತೆಯಿದ್ದವರು, ಚೆನ್ನಾಗಿ ನಿದ್ರಿಸುವವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಮಂದಿ ಮುಂದೆ ಖಿನ್ನತೆಗೆ ಒಳಗಾಗುತ್ತಾರೆಂದು ಅದು ತೋರಿಸಿತು. ನಿದ್ರೆ ಮತ್ತು ಮನಸ್ಸಿನ ನಡುವಣ ಬಾಗಿಲು ಎರಡು ಕಡೆಯಿಂದಲೂ ತೆರೆಯುವಂಥದು.

ನಮ್ಮ ಆಯುರ್ವೇದಕ್ಕೆ ಇದು ಹೊಸತಲ್ಲ. ಚರಕ ಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಶರೀರದ ಉಪಸ್ತಂಭಗಳೆಂದು ಕರೆದಿದೆ. ಮನೆಯ ಮೂರು ಕಂಬಗಳಲ್ಲಿ ಒಂದು ಕಂಬ ನಿದ್ರೆ. ಸುಖ-ದುಃಖ, ಪುಷ್ಟಿ-ಕೃಶತೆ, ಬಲ-ದೌರ್ಬಲ್ಯ, ತಿಳಿವು-ಮರೆವುಗಳೂ ನಿದ್ರೆಯನ್ನು ಆಶ್ರಯಿಸಿವೆ ಎಂಬುದು ಚರಕನ ಮತ. ನಿದ್ರೆ ತರುವ ಪದಾರ್ಥಗಳಲ್ಲಿ ಎಮ್ಮೆಯ ಹಾಲಿಗೆ ಆತ ಮೊದಲ ಸ್ಥಾನ ಕೊಟ್ಟಿರುವುದನ್ನು ಕೇಳಿದರೆ ನಮ್ಮ ಅಜ್ಜಿಯಂದಿರು ನಕ್ಕಾರು, ಏಕೆಂದರೆ ಅವರಿಗೆ ಅದು ಓದದೆಯೇ ಗೊತ್ತಿತ್ತು.

ಇಂದಿನ ವಿಜ್ಞಾನವು ಇನ್ನೊಂದು ಬಗೆಯಿಂದ ಅದೇ ಕಡೆಗೆ ಬಂದಿದೆ. 1953ರಲ್ಲಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್ಮನ್ ಎಂಬ ವಿಜ್ಞಾನಿಗಳು, ನಿದ್ರೆಯ ನಡುವೆ ಮುಚ್ಚಿದ ರೆಪ್ಪೆಗಳೊಳಗೆ ಕಣ್ಣುಗಳು ಚುರುಕಾಗಿ ಓಡಾಡುವ ಒಂದು ಹಂತವಿದೆಯೆಂದೂ ಕನಸುಗಳಿಗೆ ಅದರೊಡನೆ ನಂಟಿದೆಯೆಂದೂ ಪ್ರಕಟಿಸಿದರು. ಹಗುರ ನಿದ್ರೆ, ಗಾಢನಿದ್ರೆ, ಕನಸಿನ ನಿದ್ರೆ ಇವು ಸುಮಾರು 90 ನಿಮಿಷಗಳಿಗೊಮ್ಮೆ ಸುತ್ತು ಹಾಕುತ್ತವೆ. ಒಂದು ರಾತ್ರಿಗೆ ಇಂತಹ ನಾಲ್ಕೈದು ಸುತ್ತು. ಗಾಢನಿದ್ರೆಯ ಹೆಚ್ಚಿನ ಪಾಲು ರಾತ್ರಿಯ ಮೊದಲ ಅರ್ಧದಲ್ಲಿ, ಕನಸಿನ ಹೆಚ್ಚಿನ ಪಾಲು ಎರಡನೆಯ ಅರ್ಧದಲ್ಲಿ. ಖಿನ್ನತೆಯಲ್ಲಿ ಈ ಕ್ರಮವೇ ಕದಲಿ, ಗಾಢನಿದ್ರೆ ಕುಗ್ಗಿ, ಕನಸಿನ ನಿದ್ರೆ ಹೊತ್ತಿಗೆ ಮುಂಚೆಯೇ ನುಗ್ಗುತ್ತದೆ. ನಮ್ಮ ಮೆದುಳಿನಲ್ಲಿ ಬೆಳಕು-ಕತ್ತಲೆಗೆ ಹೊಂದಿಕೊಂಡು ನಡೆಯುವ ಗಡಿಯಾರವೊಂದಿದೆ. ದೇಹದ ಜೀವಕೋಶಗಳೊಳಗೆ ಅಂತಹ ಗಡಿಯಾರ ನಡೆಯುವ ಬಗೆಯನ್ನು ಕಂಡ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಹಳ್ಳಿಯಲ್ಲಿ ಈ ಗಡಿಯಾರ ಕೆಡುವುದಕ್ಕೆ ಕಾರಣಗಳು ಹಳ್ಳಿಯವೇ ಆಗಿವೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ಊರುಗಳಲ್ಲಿ, ರೈತನು ನಡುರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ನೀರು ಹಾಯಿಸಲು ಹೋಗುತ್ತಾನೆ. ಹಗಲೂ ದುಡಿಮೆ, ಇರುಳೂ ದುಡಿಮೆ. ಅವನ ಸಿಟ್ಟು, ಅವನ ಮರೆವು, ಅವನ ಬೇಸರಗಳನ್ನು ಸ್ವಭಾವದ ದೋಷವೆಂದು ಮನೆಯವರು ಬಗೆಯಬಾರದು. ಹೆರಿಗೆಯಾದ ಹೊಸದರಲ್ಲಿ ಬಾಣಂತಿಗೆ ಕೂಸಿನ ಅಳುವಿನಿಂದ ನಿದ್ರೆಯಿಲ್ಲ. ಕೂಸು ಮಲಗಿದಾಗಲೂ ಅವಳಿಗೆ ನಿದ್ರೆ ಬಾರದಿದ್ದರೆ, ಕಾರಣವಿಲ್ಲದೆ ಅಳುತ್ತಿದ್ದರೆ, ಅಸಂಬದ್ಧ ಮಾತಾಡುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಇನ್ನು ಕೆಲವರು ದಿನಗಟ್ಟಲೆ ಎರಡು ಮೂರು ತಾಸು ಮಾತ್ರ ಮಲಗಿ, ಆದರೂ ದಣಿವಿಲ್ಲದೆ, ಎಡೆಬಿಡದೆ ಮಾತಾಡುತ್ತ, ಮಿತಿಮೀರಿ ಖರ್ಚು ಮಾಡುತ್ತ, ದೊಡ್ಡ ದೊಡ್ಡ ಯೋಜನೆ ಹಾಕುತ್ತಾರೆ. ಅದನ್ನು ದೈವೀ ಶಕ್ತಿಯೆಂದು ಕೊಂಡಾಡಬಾರದು. ಉನ್ಮಾದವೆಂಬ ರೋಗ ಹಾಗೆಯೂ ತೋರಿಕೊಳ್ಳುತ್ತದೆ. ಮಲಗಿದಾಗ ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತು, ಗಕ್ಕನೆ ಎಳೆದುಕೊಳ್ಳುವವರದು ಬೇರೆಯೇ ತೊಂದರೆ. ಎಂಟು ತಾಸು ಮಲಗಿದರೂ ಅವರಿಗೆ ನಿದ್ರೆ ಆಗಿರುವುದಿಲ್ಲ. ರಕ್ತದೊತ್ತಡ, ಹಗಲಿನ ತೂಕಡಿಕೆ, ಮನಸ್ಸಿನ ಮಂಕು ಅವರನ್ನು ಕಾಡುತ್ತವೆ. ಇದಕ್ಕೂ ಚಿಕಿತ್ಸೆಯಿದೆ.

ತಾಯಿತವೂ ಗುಳಿಗೆಯೂ

ನಿದ್ರೆ ಬಾರದವರು ಸಾಮಾನ್ಯವಾಗಿ ಹಿಡಿಯುವ ದಾರಿಗಳು ಮೂರು. ಮೊದಲನೆಯದು ಗಾಳಿ ಸೋಕಿದೆ, ಭಾನಾಮತಿಯಾಗಿದೆ ಎಂದು ತಾಯಿತ, ಅಂತ್ರ ಕಟ್ಟಿಸುವುದು. ಶರಣರು ಇಂತಹ ಅಂಜಿಕೆಗಳಿಂದ ಜನರನ್ನು ಬಿಡಿಸಲು ಹೆಣಗಿದವರು. ಕೊರಳಲ್ಲಿ ಲಿಂಗವನ್ನು ಧರಿಸಿದ ಭಕ್ತನಿಗೆ ದೆವ್ವದ ಭಯವೆಲ್ಲಿಯದು? ವಿಭೂತಿ, ರುದ್ರಾಕ್ಷಿ, ಮಂತ್ರಗಳು ನಮ್ಮ ಅಷ್ಟಾವರಣದಲ್ಲಿ ಸೇರಿವೆ; ಅವು ಭಕ್ತನಿಗೆ ರಕ್ಷೆ, ಧೈರ್ಯ. ಆದರೆ ಅವನ್ನು ವೈದ್ಯನ ಬಳಿಗೆ ಹೋಗದಿರಲು ನೆಪವಾಗಿ ಹಿಡಿಯುವುದು ಅವುಗಳಿಗೆ ಮಾಡುವ ಅಪಚಾರ. ಕಾಲು ಮುರಿದವನು ವಿಭೂತಿ ಹಚ್ಚಿಕೊಂಡು ಆಸ್ಪತ್ರೆಗೆ ಹೋಗುತ್ತಾನೆ. ಮನಸ್ಸು ಮುರಿದವನೂ ಹಾಗೆಯೇ ಹೋಗಬೇಕು.

ಎರಡನೆಯ ದಾರಿ ಕುಡಿತದ್ದು. ಕುಡಿದವನಿಗೆ ಬೇಗ ಜೊಂಪು ಹತ್ತುವುದು ನಿಜ. ಆದರೆ ಅದರ ಅಮಲು ಇಳಿದಂತೆ ರಾತ್ರಿಯ ಎರಡನೆಯ ಅರ್ಧದ ನಿದ್ರೆ ಚೂರು ಚೂರಾಗುತ್ತದೆ. ಮರುದಿನದ ಖಿನ್ನತೆಗೆ ಮತ್ತೆ ಕುಡಿತ. ಸಾಲ ತೀರಿಸಲು ಹೆಚ್ಚಿನ ಬಡ್ಡಿಯ ಸಾಲ ಮಾಡಿದ ಹಾಗೆ.

ಮೂರನೆಯದು, ಔಷಧಿ ಅಂಗಡಿಯಿಂದ ತಾವೇ ನಿದ್ದೆ ಗುಳಿಗೆ ತಂದು ನುಂಗುವುದು. ಪಕ್ಕದ ಮನೆಯವರ ಗುಳಿಗೆಯನ್ನು ತಾವು ನುಂಗುವವರೂ ಇದ್ದಾರೆ. ವೈದ್ಯರು ಕೆಲವೇ ದಿನಗಳಿಗೆಂದು ಕೊಟ್ಟದ್ದು ವರ್ಷಗಟ್ಟಲೆ ಸಾಗಿದರೆ ಅದು ಚಟವಾಗುತ್ತದೆ. ವಯಸ್ಸಾದವರಲ್ಲಿ ಅದರಿಂದ ರಾತ್ರಿ ಎದ್ದಾಗ ತೂಕ ತಪ್ಪಿ ಬೀಳುವುದು, ಮರೆವು, ಗೊಂದಲ ಉಂಟಾಗುತ್ತವೆ. ಈಗಾಗಲೇ ನುಂಗುತ್ತಿರುವವರು ನಮ್ಮ ಮಾತು ಓದಿ ನಾಳೆಯೇ ಬಿಟ್ಟುಬಿಡಬಾರದು. ಥಟ್ಟನೆ ಬಿಡುವುದು ಅಪಾಯ. ವೈದ್ಯರ ಹೇಳಿಕೆಯಂತೆ ಮೆಲ್ಲಮೆಲ್ಲನೆ ಇಳಿಸಬೇಕು. ಖಿನ್ನತೆಗೆ ಕೊಡುವ ಔಷಧಿ ಬೇರೆ, ನಿದ್ದೆ ಗುಳಿಗೆ ಬೇರೆ ಎಂಬುದನ್ನೂ ತಿಳಿದಿರಬೇಕು. ಖಿನ್ನತೆಯ ಔಷಧಿ ಗುಣ ತೋರಲು ಕೆಲವು ವಾರ ಬೇಕು; ನಾಲ್ಕು ದಿನ ನುಂಗಿ ಗುಣವಿಲ್ಲವೆಂದು ಬಿಸಾಡಬಾರದು.

ಹಾಸಿಗೆಯ ಶಿಸ್ತು

ವಾರಕ್ಕೆ ಮೂರು ರಾತ್ರಿಯಾದರೂ ನಿದ್ರೆ ಕೆಟ್ಟು, ಅದು ಮೂರು ತಿಂಗಳು ಸಾಗಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಇಂತಹವರಿಗೆ ಮೊದಲು ಕೊಡಬೇಕಾದದ್ದು ಗುಳಿಗೆಯಲ್ಲ, ಆಲೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘಟನೆಯೊಂದು 2016ರಲ್ಲಿ ಶಿಫಾರಸು ಮಾಡಿತು. ಅದರ ನಿಯಮಗಳನ್ನು ಕೇಳಿದಾಗ ನಮಗೆ ಮಠದ ದಿನಚರಿಯೇ ನೆನಪಾಯಿತು.

ನಿದ್ರೆ ಎಷ್ಟೇ ಕೆಟ್ಟಿರಲಿ, ಪ್ರತಿದಿನ ಒಂದೇ ಹೊತ್ತಿಗೆ ಏಳಬೇಕು. ನಿನ್ನೆಯ ನಿದ್ರೆಯ ಬಾಕಿ ತೀರಿಸುತ್ತೇನೆಂದು ಇಂದು ಏಳಕ್ಕೇ ಹಾಸಿಗೆ ಸೇರಬಾರದು. ಕಣ್ಣು ಎಳೆಯತೊಡಗಿದ ಮೇಲೆ ಮಲಗಬೇಕು. ಹಾಸಿಗೆ ಇರುವುದು ನಿದ್ರೆಗೆ; ಅಲ್ಲಿ ಕುಳಿತು ಲೆಕ್ಕ, ಜಗಳ, ಟೀವಿ, ಮೊಬೈಲು ಕೂಡದು. ಸುಮಾರು ಇಪ್ಪತ್ತು ನಿಮಿಷ ಕಳೆದರೂ ನಿದ್ರೆ ಬಾರದಿದ್ದರೆ ಎದ್ದು ಪಡಸಾಲೆಗೆ ಬಂದು, ಮಂದ ಬೆಳಕಿನಲ್ಲಿ ಸುಮ್ಮನೆ ಕೂತು, ಜೊಂಪು ಬಂದಾಗ ಮರಳಬೇಕು. ಗಡಿಯಾರ ನೋಡುತ್ತ ತಾಸು ಎಣಿಸಬಾರದು. ಮಧ್ಯಾಹ್ನದ ಮೇಲೆ ಚಹಾ, ಕಾಫಿ ಬಿಡಬೇಕು. ಅವುಗಳ ಸತ್ವದ ಅರ್ಧ ಭಾಗ ಐದಾರು ತಾಸಿನ ಮೇಲೂ ಮೈಯಲ್ಲಿ ಉಳಿದಿರುತ್ತದೆ. ತಂಬಾಕು, ಗುಟ್ಕಾಗಳೂ ಎಚ್ಚರವನ್ನೇ ಹೆಚ್ಚಿಸುತ್ತವೆ. ಬೆಳಗಿನ ಬಿಸಿಲಿಗೆ ಮೈಯೊಡ್ಡಿ ನಡೆದಾಡಬೇಕು. ಹಗಲಿನ ನಿದ್ರೆಯನ್ನು ಚರಕನು ಬೇಸಿಗೆಯಲ್ಲಿ ಎಲ್ಲರಿಗೂ, ವೃದ್ಧರಿಗೆ ಮತ್ತು ರೋಗಿಗಳಿಗೆ ಎಂದಿಗೂ ಒಪ್ಪಿದ್ದಾನೆ. ಆದರೆ ರಾತ್ರಿ ನಿದ್ರೆ ಬಾರದವರು ಅದನ್ನು ಅರ್ಧ ತಾಸಿಗೆ ಮುಗಿಸುವುದು ಒಳ್ಳೆಯದು. ವಯಸ್ಸಾದಂತೆ ನಿದ್ರೆ ಹಗುರವಾಗುವುದು, ಒಂದೆರಡು ಸಲ ಎಚ್ಚರವಾಗುವುದು ಸಹಜ, ಅದಕ್ಕಾಗಿ ಅಂಜಬೇಕಿಲ್ಲ. ಎಚ್ಚರದ ಜೊತೆಗೆ ಬೇಸರ, ಊಟ ಸೇರದಿರುವುದು, ಮೈಕೈ ನೋವು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ಸಾಗಿದರೆ ತೋರಿಸಿಕೊಳ್ಳಬೇಕು.

ಮಲಗುವ ಮುನ್ನ ಪಂಚಾಕ್ಷರಿಯನ್ನು ಮೆಲ್ಲನೆ, ಉಸಿರಿನೊಡನೆ ಜಪಿಸಿರಿ. ಆದರೆ ‘ನೂರೆಂಟು ಸಲ ಜಪಿಸಿದೆ, ನಿದ್ರೆ ಯಾಕೆ ಬರಲಿಲ್ಲ’ ಎಂದು ಶಿವನೊಡನೆ ವ್ಯಾಪಾರಕ್ಕಿಳಿಯಬೇಡಿರಿ. ನಿದ್ರೆಯು ಪ್ರಸಾದದಂತೆ. ಅದನ್ನು ಕಸಿದುಕೊಳ್ಳಲಾಗದು, ಬಂದಾಗ ಸ್ವೀಕರಿಸಬಹುದು. ಹಿಡಿಯಲು ಓಡಿದಷ್ಟೂ ಅದು ದೂರ. ‘ಇಂದಿನದು ಮುಗಿಯಿತು, ಉಳಿದದ್ದು ನಿನ್ನದು’ ಎಂದು ಒಪ್ಪಿಸಿ ಮಲಗುವುದೇ ಶರಣಾಗತಿಯ ಮೊದಲ ಪಾಠ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ನಿಮಗೆ ತಿಳಿದಿದೆ. ಬಡತನದಲ್ಲಿದ್ದರೂ ಆ ತಾಯಿಗೆ ನಾಳಿನ ಭಯವಿರಲಿಲ್ಲ. ಇಂದು ನಮ್ಮ ಅನೇಕ ಮನೆಗಳಲ್ಲಿ ನಿದ್ರೆ ಕೆಡಿಸುತ್ತಿರುವುದು ಇಲ್ಲದ ಅಕ್ಕಿಯಲ್ಲ. ಅಂತಸ್ತಿಗೆಂದು ಮಾಡಿದ ಮದುವೆಯ ಸಾಲ, ನೆರೆಯವನನ್ನು ನೋಡಿ ಕೊರೆಸಿದ ಬೋರ್‌ವೆಲ್ಲಿನ ಸಾಲ. ಚಿತೆಗೂ ಚಿಂತೆಗೂ ಇರುವ ಅಂತರ ಒಂದು ಸೊನ್ನೆ ಮಾತ್ರ. ಚಿತೆ ಸತ್ತವನನ್ನು ಸುಟ್ಟರೆ ಚಿಂತೆ ಬದುಕಿದ್ದವನನ್ನು ಸುಡುತ್ತದೆ. ಆದರೆ ಬೆಳೆ ಒಣಗಿ ಸಾಲವಾದವನಿಗೆ ಉಪದೇಶವಷ್ಟೇ ಸಾಲದು, ಊರು ಅವನ ಬೆನ್ನಿಗೆ ನಿಲ್ಲಬೇಕು.

ಪಂಚಾಚಾರಗಳಲ್ಲಿ ಭೃತ್ಯಾಚಾರವೊಂದು. ತಾನು ಶಿವಭಕ್ತರ ಸೇವಕನೆಂಬ ಭಾವದಿಂದ ನಡೆಯುವುದೇ ಅದು. ನೆರೆಮನೆಯ ಹಿರಿಯರು ಕಟ್ಟೆಗೆ ಬರುವುದನ್ನು ನಿಲ್ಲಿಸಿದರೆ, ಹೋಗಿ ‘ರಾತ್ರಿ ನಿದ್ದೆ ಆಗ್ತದೋ ಇಲ್ಲವೋ’ ಎಂದು ಕೇಳುವುದೂ ಇಂದಿನ ಭೃತ್ಯಾಚಾರ. ಹುಚ್ಚಾಸ್ಪತ್ರೆ ಎಂಬ ಹೀನ ಮಾತನ್ನು ಬಿಡೋಣ. ಹಳ್ಳಿಯ ಜನರಿಗೆ ಹತ್ತಿರದಲ್ಲೇ ಮನೋಚಿಕಿತ್ಸೆ ದೊರಕಿಸಬಹುದೆಂದು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಜೀವ ಕಳೆದುಕೊಳ್ಳಲು ಯತ್ನಿಸಿದವನನ್ನು ತೀವ್ರ ಒತ್ತಡಕ್ಕೆ ಸಿಕ್ಕವನೆಂದು ಭಾವಿಸಿ ಆರೈಕೆ ಮಾಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ, ಖರ್ಚಿಲ್ಲದೆ ಫೋನು ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಮೂರನೆಯ ಜಾವದಲ್ಲಿ ಎಚ್ಚರಾದವನಿಗೆ ಆ ಹೊತ್ತಿನಲ್ಲೂ ಕೇಳುವ ಕಿವಿಯೊಂದು ಇದೆ ಎಂಬುದು ಸಣ್ಣ ಸಮಾಧಾನವಲ್ಲ. ಪಂಚಾಂಗದ ಮೇಲೆ ಆ ಅಂಕಿಗಳನ್ನು ಬರೆದಿಡಿರಿ.

ದೇಹವು ದೇಗುಲವೆಂದು ನಂಬಿದವರು ನಾವು. ದೇಗುಲದ ಬಾಗಿಲನ್ನು ರಾತ್ರಿ ಹೊತ್ತಿಗೆ ಮುಚ್ಚಿ, ಬೆಳಗಿನ ಹೊತ್ತಿಗೆ ತೆರೆಯುವುದೂ ಪೂಜೆಯ ಅಂಗವೇ. ನಿದ್ರೆಗೆ ಗೌರವ ಕೊಡಿರಿ. ನಿದ್ರೆ ಕಳೆದುಕೊಂಡವರಿಗೆ ಆಸರೆಯಾಗಿರಿ. ನಿಮ್ಮ ಕಾಯಕ ಫಲಿಸಲಿ, ಇರುಳು ನಿಮಗೆ ನೆಮ್ಮದಿ ತರಲಿ, ಎಚ್ಚರವು ಲಿಂಗದ ಎಚ್ಚರವಾಗಲಿ ಎಂದು ಹಾರೈಸಿ ಆಶೀರ್ವದಿಸುತ್ತೇವೆ.